ಕೊಂದದ್ದು ಯಾರೆಂದು ಕ್ರಿಯಾಪದ ಹೇಳಿಬಿಟ್ಟಿತು

ಜಪಾನಿನ ಗಿಫು ಪ್ರಾಂತ್ಯದ ಬೆಟ್ಟಗಳ ನಡುವಿನ ಹಳ್ಳಿಯೊಂದರಲ್ಲಿ ನಡೆಯುವ, ಭಯ ಮತ್ತು ಪತ್ತೇದಾರಿಕೆ ಬೆರೆತ ವಿಶುವಲ್ ನಾವೆಲ್ (ಕಂಪ್ಯೂಟರ್ ಪರದೆಯ ಮೇಲೆ ಚಿತ್ರ, ಸದ್ದುಗಳೊಡನೆ ಓದುವ ಕಥೆ) ಒಂದನ್ನು ಕನ್ನಡದಲ್ಲಿ ಬರೆದು ಮುಗಿಸಲು ನನಗೆ ಎರಡು ವರ್ಷ ಹಿಡಿಯಿತು. ಅದರಲ್ಲಿ ದೊಡ್ಡ ಪಾಲನ್ನು ನುಂಗಿದ್ದು ಕ್ರಿಯಾಪದಗಳ ಕೊನೆಯ ಅಕ್ಷರ.

ನನಗೆ ದಾರಿ ತೋರಿದ್ದು 'ಹಿಗುರಾಶಿ ನೋ ನಾಕು ಕೊರೊ ನಿ' ಎಂಬ ಜಪಾನಿ ವಿಶುವಲ್ ನಾವೆಲ್. 2002ರ ಆಗಸ್ಟ್‌ನಲ್ಲಿ ಹವ್ಯಾಸಿಗಳು ತಮ್ಮ ಕೃತಿಗಳನ್ನು ತಾವೇ ಮಾರುವ ಟೋಕಿಯೋದ ಕಾಮಿಕೆಟ್ ಮೇಳದಲ್ಲಿ ಅದರ ಮೊದಲ ಭಾಗ ಬಂದಿತು, 2006ರಲ್ಲಿ ಎಂಟನೆಯ ಭಾಗ. ಓದುಗನಿಗೆ ಅಲ್ಲಿ ಒಂದೇ ಒಂದು ಆಯ್ಕೆಯೂ ಇಲ್ಲ. ಓದಬೇಕು, ಊಹಿಸಬೇಕು, ಅಷ್ಟೇ. ಕವಲೊಡೆಯುವ ಕಥೆಯನ್ನು ಹೆಣೆಯುವ ಶಕ್ತಿ ನನಗಿರಲಿಲ್ಲವಾದ್ದರಿಂದ ಈ ಕ್ರಮವೇ ಒಗ್ಗಿತು.

ಉದ್ಯೋಗದ ನಿಮಿತ್ತ ನಗೋಯಾದಲ್ಲಿದ್ದಾಗ ಬಸ್ಸಿನಲ್ಲಿ ಮೂರು ಬಾರಿ ಗಿಫುವಿನ ಬೆಟ್ಟಗಳ ನಡುವಿನ ಶಿರಕಾವಾ-ಗೋಗೆ ಹೋಗಿಬಂದಿದ್ದೆ. ಅಲ್ಲಿನ ಗಾಶ್ಶೋ ಮನೆಗಳ ಕಡಿದಾದ ಹುಲ್ಲಿನ ಮಾಡು ಕೈಮುಗಿದಂತೆ ಕಾಣುತ್ತದೆ. ಮಾಡಿನ ಮರಗಳನ್ನು ಮೊಳೆ ಹೊಡೆಯದೆ ಹಗ್ಗ ಮತ್ತು ಬಾಗುವ ಕೊಂಬೆಗಳಿಂದ ಬಿಗಿದಿರುತ್ತಾರೆ. ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು, ನೆಲದಡಿಯ ಗುಂಡಿಯಲ್ಲಿ ಅದರ ಹಿಕ್ಕೆ, ಹುಲ್ಲು, ಮಣ್ಣು ಕೊಳೆಯಿಸಿ ಸಿಡಿಮದ್ದಿಗೆ ಬೇಕಾದ ಉಪ್ಪು ತೆಗೆಯುತ್ತಿದ್ದರು. ಹೆಣ ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಲ್ಪಿಸಿಕೊಳ್ಳಬೇಕಾಗಲೇ ಇಲ್ಲ. ಅಲ್ಲಿ ಹರಿಯುವ ಶೋ ನದಿಗೆ ಮೇಲ್ಗಡೆ 131 ಮೀಟರ್ ಎತ್ತರದ ಮಿಬೊರೊ ಅಣೆಕಟ್ಟು 1961ರಲ್ಲಿ ಪೂರ್ಣಗೊಂಡು ಹಲವು ಮನೆಗಳು ಮುಳುಗಿದವು. ಶರಾವತಿಯ ಮುಳುಗಡೆಯ ಕಥೆಗಳನ್ನು ಕೇಳಿ ಬೆಳೆದವನಿಗೆ ಆ ಸಿಟ್ಟನ್ನು ಬರೆಯುವುದು ಕಷ್ಟವಾಗಲಿಲ್ಲ. ಕಥೆಯ ಕೀಲನ್ನು ಮಾತ್ರ 'ಮುರಾಹಾಚಿಬು'ವಿನಲ್ಲಿಟ್ಟೆ: ಊರು ಒಂದು ಮನೆಯನ್ನು ಬಹಿಷ್ಕರಿಸಿದರೂ ಬೆಂಕಿ ಬಿದ್ದಾಗ ಮತ್ತು ಸಾವಾದಾಗ ಮಾತ್ರ ಬರುತ್ತದೆ ಎಂಬ ಹಳೆಯ ಕಟ್ಟಳೆ ಅದು. ನನ್ನ ಕಥೆಯಲ್ಲಿ, ಊರವರು ತನ್ನ ಮನೆಗೆ ಬರಲಿ ಎಂದೇ ಒಬ್ಬರು ಕೊಲೆ ಮಾಡುತ್ತಾರೆ.

ವಿಶುವಲ್ ನಾವೆಲ್ ಕಟ್ಟುವ ತಂತ್ರಾಂಶವಾದ ರೆನ್‌ಪೈಯಲ್ಲಿ ಮೊದಲ ಪರದೆ ತೆರೆದಾಗ 'ಅಜ್ಜಿ' ಎಂಬ ಪದದ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ಬಂದು ಕೂತಿತ್ತು. ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಝ್ ಸೇರಿದ ಹೊಸ ಆವೃತ್ತಿಗೆ ಬದಲಾಯಿಸಿ, ಕನ್ನಡದ ನೋಟೋ ಫಾಂಟ್ ಹಾಕಿದ ಮೇಲೆ ಆ ತೊಂದರೆ ತೀರಿತು.

ತೀರದಿದ್ದದ್ದು ವ್ಯಾಕರಣದ ತೊಂದರೆ. ಮೊದಲ ಕರಡನ್ನು ತಂಗಿಗೆ ಕೊಟ್ಟೆ, ಎರಡನೆಯ ಅಧ್ಯಾಯ ಮುಗಿಯುವ ಮೊದಲೇ, "ಅಣ್ಣಾ, ಕೊಂದದ್ದು ಹೆಂಗಸು ತಾನೇ? ನೀನೇ ಬರೆದಿದ್ದೀಯಲ್ಲ" ಎಂದಳು. ನೋಡಿದರೆ, ಕತ್ತಲಲ್ಲಿ ಅಟ್ಟ ಹತ್ತುವ ವಾಕ್ಯದಲ್ಲಿ 'ನಿಂತಳು' ಎಂದು ಬರೆದುಬಿಟ್ಟಿದ್ದೆ. ಜಪಾನಿ ಭಾಷೆಯಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಕ್ರಿಯಾಪದಕ್ಕೆ ಲಿಂಗವೇ ಇಲ್ಲ. ನಮ್ಮಲ್ಲಿ 'ನು', 'ಳು'ಗಳು ಪೊಲೀಸರಿಗಿಂತ ಮೊದಲೇ ಅಪರಾಧಿಯನ್ನು ಹಿಡಿದುಕೊಡುತ್ತವೆ. 'ನಿಂತಿತು' ಎಂದು ತಿದ್ದಿದೆ, ಆಗ ಅದು ದೆವ್ವವಾಯಿತು. ದೆವ್ವವೋ ಮನುಷ್ಯರೋ ಎಂಬ ಅನುಮಾನ ಬೇಕಾದ ಎರಡು ಕಡೆ ಅದನ್ನು ಹಾಗೆಯೇ ಉಳಿಸಿಕೊಂಡೆ. ಉಳಿದೆಡೆ ವ್ಯಕ್ತಿಯನ್ನೇ ತೆಗೆದು ವಸ್ತುವನ್ನು ಕರ್ತೃವಾಗಿಸಿದೆ: "ಏಣಿಯ ಮೂರನೆಯ ಮೆಟ್ಟಿಲು ಕಿರುಗುಟ್ಟಿತು. ಹಗ್ಗದ ತುದಿ ಅಲುಗಾಡಿತು." ಈ ಎರಡು ವಾಕ್ಯಗಳ ನಡುವೆ ಜೀರುಂಡೆಯ ಸದ್ದನ್ನು ಥಟ್ಟನೆ ನಿಲ್ಲಿಸಿ, ಓದುಗರು ತಾವೇ ಗುಂಡಿ ಒತ್ತುವವರೆಗೂ ಪರದೆಯನ್ನು ಸುಮ್ಮನಿರಿಸಿದೆ.

ಇದಕ್ಕೆ ಪ್ರತಿಯಾಗಿ ಕನ್ನಡ ಒಂದು ಉಪಕಾರವನ್ನೂ ಮಾಡಿತು. ಜಪಾನಿಯಲ್ಲಿ 'ಓರೆ', 'ಬೋಕು', 'ವಾತಾಶಿ' ಎಂದು ಉತ್ತಮಪುರುಷಕ್ಕೆ ಹಲವು ರೂಪಗಳಿದ್ದು, ಮಾತನಾಡುವವರು ಯಾರೆಂಬುದರ ಸುಳಿವು ಅಲ್ಲೇ ಸಿಗುತ್ತದೆ. ನಮ್ಮ 'ನಾನು ಬಂದೆ' ಎಲ್ಲರಿಗೂ ಒಂದೇ. ಆದ್ದರಿಂದ ಕೊಲೆ ಮಾಡಿದವರ ದಿನಚರಿಯ ಹನ್ನೆರಡು ಪುಟಗಳನ್ನು ನಿಶ್ಚಿಂತೆಯಿಂದ ಬರೆದೆ.

ಎರಡನೆಯ ಓದಿಗೆ ಕೊಟ್ಟಾಗ ತಂಗಿ ಅಜ್ಜಿಯನ್ನು ಸಂಶಯಿಸಿದಳು. 'ಯಾರೋ ಬಂದರು' ಎಂದು ಒಂದೆಡೆ ಬರೆದಿದ್ದೆ, ಇಡೀ ಕಥೆಯಲ್ಲಿ ಬಹುವಚನದ ಗೌರವ ಪಡೆಯುವವರು ಅಜ್ಜಿ ಒಬ್ಬರೇ ಎಂದು ಅವಳು ಲೆಕ್ಕ ಹಾಕಿದ್ದಳು. ಅದು ನನ್ನ ಎಚ್ಚರಗೇಡಿತನ. ಆದರೆ ಕೊಂದವರು ಅಜ್ಜಿಯಲ್ಲವಾದ್ದರಿಂದ ಆ ವಾಕ್ಯವನ್ನು ತಿದ್ದದೆ ಬಿಟ್ಟಿದ್ದೇನೆ.