ಯಾರೂ ಇಲ್ಲದಾಗ ಡಯಲ್ ಆಗುತ್ತಿದ್ದ ಮೋಡೆಮ್

ಬ್ರಾಡ್‌ಬ್ಯಾಂಡ್ ಬರುವ ಮುಂಚೆ, 2003ರ ಸುಮಾರಿಗೆ, ದಾವಣಗೆರೆಯ ಒಂದು ಮೆಕ್ಕೆಜೋಳದ ಮಂಡಿಗೆ ಇಂಟರ್ನೆಟ್ ಹಾಕಿಕೊಟ್ಟಿದ್ದೆ. ನಾಲ್ಕು ವಿಂಡೋಸ್ 98 ಕಂಪ್ಯೂಟರ್, ಒಂದು ಹಬ್, ಒಂದೇ ಫೋನ್ ಲೈನ್. ಯಾರಾದರೂ ಬ್ರೌಸರ್ ತೆರೆದರೆ ಲೈನ್ ತಾನಾಗಿ ಹತ್ತಬೇಕು, ಕೆಲಸ ಮುಗಿದರೆ ತಾನಾಗಿ ಕಟ್ ಆಗಬೇಕು. ಸಾಹುಕಾರರು ಕೇಳಿದ್ದು ಇಷ್ಟೇ. ಬಿಲ್ ಬರುತ್ತಿದ್ದದ್ದು ಪಲ್ಸ್ ಲೆಕ್ಕದಲ್ಲಿ, ಅಂದರೆ ಲೈನ್ ಎಷ್ಟು ಹೊತ್ತು ಹತ್ತಿರುತ್ತದೋ ಅಷ್ಟು ದುಡ್ಡು. ಅದರ ಮೇಲೆ ಮೋಡೆಮ್ ಲೈನ್ ಹಿಡಿದುಕೊಂಡು ಕೂತರೆ ಪಾರ್ಟಿಗಳ ಫೋನ್ ಒಳಗೆ ಬರುವುದಿಲ್ಲ.

ತಾನಾಗಿ ಡಯಲ್ ಮಾಡಿಸುವುದು ಸುಲಭ. ಬೇಡದಾಗ ಡಯಲ್ ಆಗದ ಹಾಗೆ ತಡೆಯುವುದೇ ದೊಡ್ಡ ಕೆಲಸ.

ನಾಲ್ಕು ಕಂಪ್ಯೂಟರ್‌ಗೂ ಫೋನ್ ಲೈನಿಗೂ ನಡುವೆ ಕೂರಿಸಲು, ಮೂಲೆಯಲ್ಲಿ ಬಿದ್ದಿದ್ದ ಹಳೇ ಪೆಂಟಿಯಂ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿದೆ. ಸೀರಿಯಲ್ ಪೋರ್ಟಿಗೆ ಹೊರಗಿಡುವ 56ಕೆ ಮೋಡೆಮ್. ಒಳಗೆ ಕೂರಿಸುವ ಅಗ್ಗದ ಕಾರ್ಡುಗಳು ಬಹುತೇಕ ವಿನ್‌ಮೋಡೆಮ್‌ಗಳು. ಅವುಗಳ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರೇ ಮಾಡುತ್ತದೆ, ಲಿನಕ್ಸಿನಲ್ಲಿ ಸುಮ್ನೆ ತಲೆನೋವು. ಹೊರಗಿನ ಮೋಡೆಮ್‌ಗೆ ದೀಪಗಳಿರುತ್ತವೆ, ಲೈನ್ ಹತ್ತಿದೆಯೋ ಇಲ್ಲವೋ ಗಲ್ಲಾದಲ್ಲಿ ಕೂತೇ ಗೊತ್ತಾಗುತ್ತದೆ. ಡಯಲ್ ಟೋನ್ ಗುರುತಿಸಲು ಅದು ಕೆಲವೊಮ್ಮೆ ತಕರಾರು ಮಾಡುತ್ತಿತ್ತು. ಎಟಿಎಕ್ಸ್3 ಎಂಬ ಆಜ್ಞೆ ಸೇರಿಸಿದ ಮೇಲೆ ಟೋನ್‌ಗೆ ಕಾಯದೆ ನೇರ ನಂಬರ್ ಒತ್ತತೊಡಗಿತು.

ಡಯಲ್ ಮಾಡುವ ಪ್ರೋಗ್ರಾಂ ಪಿಪಿಪಿಡಿ. ಫೋನ್ ಲೈನ್ ಮೇಲೆ ಇಂಟರ್ನೆಟ್ ಸಾಗಿಸುವ ಪದ್ಧತಿಗೆ ಪಿಪಿಪಿ ಅನ್ನುತ್ತಾರೆ. ಅದಕ್ಕೆ 'ಡಿಮ್ಯಾಂಡ್' ಎಂಬ ಆಯ್ಕೆ ಕೊಟ್ಟರೆ ಶುರುವಾದ ಕೂಡಲೇ ಡಯಲ್ ಮಾಡುವುದಿಲ್ಲ. ಪಿಪಿಪಿ0 ಎಂಬ ಇಂಟರ್‌ಫೇಸನ್ನು (ಜಾಲಕ್ಕೆ ಹೋಗುವ ಬಾಗಿಲು) ಮೊದಲೇ ಎಬ್ಬಿಸಿ, ಯಾವುದಾದರೂ ಪ್ಯಾಕೆಟ್ (ಮಾಹಿತಿಯ ಪೊಟ್ಟಣ) ಹೊರಗೆ ಹೊರಟಾಗ ಮಾತ್ರ ಫೋನ್ ಎತ್ತುತ್ತದೆ. 'ಐಡಲ್ 300' ಅಂದರೆ ಐದು ನಿಮಿಷ ಓಡಾಟವಿಲ್ಲದಿದ್ದರೆ ಕಟ್.

ಈಗ ಬದಲಾಗುವ ವಿಳಾಸದ ಕಥೆ. ಲೈನ್ ಹತ್ತುವ ಮುಂಚೆ ಇಂಟರ್ನೆಟ್‌ನಲ್ಲಿ ನಮ್ಮ ನಂಬರ್, ಅಂದರೆ ಐಪಿ ವಿಳಾಸ, ಏನೆಂದು ಯಾರಿಗೂ ಗೊತ್ತಿರುವುದಿಲ್ಲ, ಪ್ರತಿ ಸಲವೂ ಹೊಸದು ಸಿಗುತ್ತದೆ. ಆದರೆ ಇಂಟರ್‌ಫೇಸ್ ಎದ್ದು ನಿಲ್ಲಬೇಕಾದರೆ ಏನಾದರೊಂದು ವಿಳಾಸ ಬೇಕಲ್ವಾ? ಹಾಗಾಗಿ ಪಿಪಿಪಿಡಿ ನಮ್ಮ ಕಡೆಗೆ 10.64.64.64, ಆ ಕಡೆಗೆ 10.112.112.112 ಎಂಬ ಸುಳ್ಳು ವಿಳಾಸಗಳನ್ನು ತಾನೇ ಹಾಕಿಕೊಳ್ಳುತ್ತದೆ. ಮೊದಲ ಪ್ಯಾಕೆಟ್ ಈ ಸುಳ್ಳು ವಿಳಾಸ ಹೊತ್ತೇ ಹೊರಡುತ್ತದೆ. ಅರ್ಧ ನಿಮಿಷದಲ್ಲಿ ಲೈನ್ ಹತ್ತಿ ನಿಜವಾದ ವಿಳಾಸ ಬಂದರೂ, ಆ ಕನೆಕ್ಷನ್ ಮಾತ್ರ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಮನೆ ಬದಲಿಸಿದ ಮೇಲೂ ಕಾಗದದ ಮೇಲೆ ಹಳೇ ವಿಳಾಸ ಬರೆದು ಉತ್ತರಕ್ಕೆ ಕಾದ ಹಾಗೆ. ಎರಡನೇ ಸಲ ಡಯಲ್ ಆಗುವಾಗಲೂ ಇದೇ ಪಾಡು. ಆಗ ಇಂಟರ್‌ಫೇಸ್ ಮೇಲೆ ಹಿಂದಿನ ಸಲದ ವಿಳಾಸ ಉಳಿದಿರುತ್ತದೆ.

ನೋಡುವವರಿಗೆ ಕಾಣುವುದು ಏನು? ಮೋಡೆಮ್ ಕಿರುಚುತ್ತದೆ, ದೀಪ ಹತ್ತುತ್ತದೆ, ಪುಟ ಮಾತ್ರ ಬರುವುದಿಲ್ಲ. ಇನ್ನೊಂದು ಸಲ ಒತ್ತಿದರೆ ಬರುತ್ತದೆ.

ಇದಕ್ಕೆ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಮದ್ದಿದೆ. ಕರ್ನಲ್ ಸೆಟ್ಟಿಂಗ್‌ಗಳಿರುವ 'ಪ್ರಾಕ್' ಫೋಲ್ಡರ್ ಒಳಗೆ ನೆಟ್ ವಿಭಾಗದಲ್ಲಿ 'ಐಪಿ-ಡೈನ್-ಅಡ್ರ್' ಎಂಬ ಫೈಲ್ ಇರುತ್ತದೆ, ಅದರೊಳಗೆ 1 ಬರೆಯಬೇಕು. ಕನೆಕ್ಷನ್ ಇನ್ನೂ ಕೂಡಿಕೊಂಡಿರದಿದ್ದರೆ, ಪ್ಯಾಕೆಟ್ಟನ್ನು ಮತ್ತೆ ಕಳಿಸುವಾಗ ಹಳೇ ವಿಳಾಸ ಅಳಿಸಿ ಹೊಸದನ್ನು ಹಾಕುತ್ತದೆ. ಇದು ಲಿನಕ್ಸ್ ಪೆಟ್ಟಿಗೆಯ ಸ್ವಂತ ಕನೆಕ್ಷನ್‌ಗಳ ಮಾತು. ಹಿಂದಿರುವ ನಾಲ್ಕು ಕಂಪ್ಯೂಟರ್‌ಗಳಿಗೆ ಐಪಿಟೇಬಲ್ಸ್‌ನಲ್ಲಿ (ಪ್ಯಾಕೆಟ್‌ಗಳ ಓಡಾಟಕ್ಕೆ ನಿಯಮ ಹಾಕುವ ಪ್ರೋಗ್ರಾಂ) ಮಾಸ್ಕರೇಡ್ ನಿಯಮ ಹಾಕಿದೆ. ಎಲ್ಲರೂ ಒಂದೇ ವಿಳಾಸದ ಮರೆಯಲ್ಲಿ ಹೊರಗೆ ಹೋಗುವ ಏರ್ಪಾಡು ಅದು. ಅದೇ ಕೆಲಸದ ಇನ್ನೊಂದು ನಿಯಮವಾದ ಎಸ್‌ನ್ಯಾಟ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅದಕ್ಕೆ ಸ್ಥಿರ ವಿಳಾಸ ಬೇಕು. ಮಾಸ್ಕರೇಡ್ ಆಯಾ ಹೊತ್ತಿನ ವಿಳಾಸ ಹಿಡಿಯುತ್ತದೆ, ವಿಳಾಸ ಹೋದರೆ ಹಳೇ ಲೆಕ್ಕವನ್ನು ಮರೆತುಬಿಡುತ್ತದೆ.

ಡಿಎನ್‌ಎಸ್‌ಗೆ, ಅಂದರೆ ಸೈಟಿನ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಕೆಲಸಕ್ಕೆ, ಡಿಎನ್‌ಎಸ್‌ಮಾಸ್ಕ್ ಹಾಕಿದೆ. ಡಯಲ್-ಅಪ್‌ನಂಥ ಸಣ್ಣ ಜಾಲಗಳಿಗೆ ಹೇಳಿ ಮಾಡಿಸಿದ ಪ್ರೋಗ್ರಾಂ ಅದು. ಒಂದು ಸೂಕ್ಷ್ಮ ಇದೆ. ಲೈನ್ ಹತ್ತಿದ ಮೇಲೆ ಸಿಗುವ ಡಿಎನ್‌ಎಸ್ ವಿಳಾಸವನ್ನೇ ನಂಬಿಕೊಂಡರೆ, ಮೊದಲ ಸಲ ಯಾರನ್ನು ಕೇಳಬೇಕೆಂದೇ ಅದಕ್ಕೆ ಗೊತ್ತಿರುವುದಿಲ್ಲ. ಪ್ರಶ್ನೆ ಹೊರಗೆ ಹೋಗುವುದಿಲ್ಲ, ಹಾಗಾಗಿ ಡಯಲ್ಲೂ ಆಗುವುದಿಲ್ಲ. ಇಂಟರ್ನೆಟ್ ಕೊಡುವವರ ಒಂದು ಡಿಎನ್‌ಎಸ್ ವಿಳಾಸವನ್ನು ಖಾಯಂ ಆಗಿ ಬರೆದಿಟ್ಟರೆ ಸಾಕು.

ಎಲ್ಲಾ ಸರಿ ಹೋಯಿತು ಅಂದುಕೊಳ್ಳುವಾಗ ಸಾಹುಕಾರರು ಕರೆದು ಕೇಳಿದರು: "ಏನಪಾ, ರಾತ್ರಿ ಯಾರೂ ಇಲ್ದಾಗ ಈ ಡಬ್ಬಿ ಯಾರಿಗೆ ಫೋನ್ ಹಚ್ತೈತಿ?"

ಒಳ್ಳೆಯ ಪ್ರಶ್ನೆಯೇ. ಉತ್ತರ ಹುಡುಕಲು, ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪನ್ನು ಪಿಪಿಪಿ0 ಮೇಲೆ ಓಡಿಸಿ ಬಿಟ್ಟೆ. ಲೈನ್ ಕಟ್ ಆಗಿದ್ದಾಗಲೂ ಇಂಟರ್‌ಫೇಸ್ ಇರುವುದರಿಂದ, ಯಾವ ಪ್ಯಾಕೆಟ್ ಫೋನ್ ಎತ್ತಿಸಿತು ಅನ್ನುವುದು ಅದರಲ್ಲಿ ಸಿಕ್ಕಿಬೀಳುತ್ತದೆ. ಸುಮ್ನೆ ಊಹೆ ಮಾಡುತ್ತಾ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಬೆಳಗಿನ ತನಕ ಬಿಟ್ಟುಹೋದ ವಿಂಡೋಸ್ ಕಂಪ್ಯೂಟರ್‌ಗಳೇ ಮುಖ್ಯ ಕಾರಣ. ತಮ್ಮ ವರ್ಕ್‌ಗ್ರೂಪ್ (ಆಫೀಸಿನ ಕಂಪ್ಯೂಟರ್‌ಗಳ ಗುಂಪು) ಹೆಸರು ಎಲ್ಲಿದೆ ಎಂದು ಅವು ಡಿಎನ್‌ಎಸ್ ಅನ್ನು ಕೇಳುತ್ತಿದ್ದವು. ಆ ಹೆಸರು ಇಡೀ ಪ್ರಪಂಚದಲ್ಲಿ ಎಲ್ಲೂ ಇಲ್ಲ, ಆದರೂ ಕೇಳುವುದಕ್ಕೆ ಒಂದು ಪಲ್ಸ್ ಹೋಯಿತು. ಡಿಎನ್‌ಎಸ್‌ಮಾಸ್ಕ್‌ನಲ್ಲಿ 'ಡೊಮೇನ್-ನೀಡೆಡ್' ಅನ್ನುವ ಆಯ್ಕೆ ಹಾಕಿದರೆ ಚುಕ್ಕಿ ಇಲ್ಲದ ಹೆಸರುಗಳು ಹೊರಗೆ ಹೋಗುವುದಿಲ್ಲ. ವಿಂಡೋಸ್ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡಲು ಬಳಸುವ 137ರಿಂದ 139ರ ಪೋರ್ಟುಗಳನ್ನು (ನಂಬರ್ ಹಾಕಿದ ಬಾಗಿಲುಗಳು) ಐಪಿಟೇಬಲ್ಸ್‌ನಲ್ಲಿ ಮುಚ್ಚಿದೆ. ಔಟ್‌ಲುಕ್ ಎಕ್ಸ್‌ಪ್ರೆಸ್ ಅರ್ಧ ಗಂಟೆಗೊಮ್ಮೆ ಮೇಲ್ ನೋಡುವ ಟಿಕ್ ಮಾರ್ಕನ್ನು ತೆಗೆಸಿದೆ. ಅಕೌಂಟೆಂಟ್‌ಗೆ ಇದು ಹಿಡಿಸಲಿಲ್ಲ, ಇರಲಿ.

ಇನ್ನೊಂದು ಕಳ್ಳ ಪ್ಯಾಕೆಟ್ ಜಾತಿ ಇದೆ. ಲೈನ್ ಕಟ್ ಆದಾಗ ಬ್ರೌಸರ್‌ನ ಕೆಲವು ಕನೆಕ್ಷನ್‌ಗಳು ತೆರೆದೇ ಇರುತ್ತವೆ. ಆಮೇಲೆ ಬ್ರೌಸರ್ ಮುಚ್ಚಿದರೆ, ಮುಗಿಯಿತು ಎಂದು ಹೇಳಲು ಅದು ಒಂದು ಫಿನ್ ಪ್ಯಾಕೆಟ್ ಕಳಿಸುತ್ತದೆ. ಅದನ್ನು ತಲುಪಿಸಲು ಮೋಡೆಮ್ ಮತ್ತೆ ಡಯಲ್! ಲೈನ್ ಹತ್ತಿದ್ದಾಗ ಇದರ ತಿರುಗುಮುರುಗು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಹುಳ (ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ತಾನಾಗಿ ಹರಡುವ ಕೆಟ್ಟ ಪ್ರೋಗ್ರಾಂ) ಹರಡಿದ ಮೇಲೆ ಹೊರಗಿನಿಂದ 135ನೇ ಪೋರ್ಟಿಗೆ ಬಡಿತ ನಿಲ್ಲುತ್ತಲೇ ಇರಲಿಲ್ಲ. ಪ್ರತಿ ಬಡಿತಕ್ಕೂ ಐಡಲ್ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಲೈನ್ ಕಟ್ ಆಗುವುದೇ ಇಲ್ಲ.

ಎರಡಕ್ಕೂ ಪಿಪಿಪಿಡಿಯ 'ಆ್ಯಕ್ಟಿವ್-ಫಿಲ್ಟರ್' ಔಷಧ. ಹೊರಗೆ ಹೋಗುವ ಪ್ಯಾಕೆಟ್ ಮಾತ್ರ ಲೆಕ್ಕಕ್ಕೆ, ಅದರಲ್ಲೂ ಫಿನ್ ಮತ್ತು ಕನೆಕ್ಷನ್ ಮುರಿಯುವ ರೀಸೆಟ್ ಲೆಕ್ಕಕ್ಕಿಲ್ಲ ಎಂದು ಬರೆದೆ. ಇದು ಕೆಲಸ ಮಾಡಲು ಕರ್ನಲ್ ಮತ್ತು ಪಿಪಿಪಿಡಿ ಎರಡರಲ್ಲೂ ಫಿಲ್ಟರ್ ಸೌಲಭ್ಯ ಸೇರಿರಬೇಕು. ನನ್ನ ಸಿಡಿಯಲ್ಲಿ ಬಂದದ್ದರಲ್ಲಿ ಇರಲಿಲ್ಲ, ನಾನೇ ಮೂಲ ಕೋಡ್‌ನಿಂದ ಕಂಪೈಲ್ ಮಾಡಿಕೊಂಡೆ. ಆ ಪೆಂಟಿಯಂನಲ್ಲಿ ಕರ್ನಲ್ ಕಂಪೈಲ್ ಅಂದರೆ ಊಟ ಮಾಡಿ ಒಂದು ನಿದ್ದೆಯನ್ನೂ ತೆಗೆಯಬಹುದು.

ಸಂಜೆ ಹೊತ್ತು ಆ ಕಡೆ ನಂಬರ್ ಬರೀ ಎಂಗೇಜ್. ಸತತ ಹತ್ತು ಸಲ ಸೋತರೆ ಪಿಪಿಪಿಡಿ ತಾನೇ ಮುಚ್ಚಿಕೊಳ್ಳುತ್ತದೆ, ಮಾಮೂಲು ಸೆಟ್ಟಿಂಗ್ ಹಾಗಿದೆ. 'ಮ್ಯಾಕ್ಸ್‌ಫೇಲ್ 0' ಎಂದು ಹಾಕಿದರೆ ಬಿಡದೆ ಪ್ರಯತ್ನಿಸುತ್ತದೆ. ಪಾಸ್‌ವರ್ಡ್ ಸರಿ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೇ ಇದನ್ನು ಹಾಕಿ. ಎಂಗೇಜ್ ಬಂದರೆ ದುಡ್ಡಿಲ್ಲ, ಆದರೆ ತಪ್ಪು ಪಾಸ್‌ವರ್ಡಿಗೆ ಆ ಕಡೆ ಫೋನ್ ಎತ್ತಿದ ಮೇಲೇ ಇಲ್ಲ ಅನ್ನುವುದು.

ಚಿತ್ರದುರ್ಗದಿಂದಲೇ ಆ ಪೆಟ್ಟಿಗೆಯೊಳಗೆ ಇಣುಕಬೇಕಾಗಿ ಬರುತ್ತಿತ್ತು. ಲೈನ್ ಹತ್ತಿದ ಕೂಡಲೇ 'ಐಪಿ-ಅಪ್' ಸ್ಕ್ರಿಪ್ಟ್ ಓಡುತ್ತದೆ, ಅದಕ್ಕೆ ಕೊಡುವ ಮಾಹಿತಿಗಳಲ್ಲಿ ನಾಲ್ಕನೆಯದಾಗಿ ನಮ್ಮ ಹೊಸ ವಿಳಾಸ ಸಿಗುತ್ತದೆ. ಅದನ್ನು, ಬದಲಾಗುವ ವಿಳಾಸಕ್ಕೆ ಒಂದೇ ಹೆಸರು ಕೊಡುವ ಡೈನಮಿಕ್ ಡಿಎನ್‌ಎಸ್ ಸೇವೆಗೆ ತಿಳಿಸುವ ಒಂದು ಸಾಲು ಸೇರಿಸಿದೆ. ವಿಳಾಸ ಎಷ್ಟು ಸಲ ಬದಲಾದರೂ ಹೆಸರು ಅದೇ. ಆದರೆ ಲೈನ್ ಹತ್ತಿರಬೇಕಲ್ಲ! ಅದಕ್ಕೆ ಮಂಡಿಗೆ ಫೋನ್ ಮಾಡಿ, "ಫೋನ್ ಇಟ್ಟು ಯಾವುದಾದರೂ ಒಂದು ಪುಟ ತೆಗೀರಿ" ಅನ್ನುತ್ತಿದ್ದೆ. ಸ್ವಲ್ಪ ಹೊತ್ತು ಕಾದು, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗುತ್ತಿದ್ದೆ.

ಆಮೇಲೆ ಬ್ರಾಡ್‌ಬ್ಯಾಂಡ್ ಬಂದಾಗ ಈ ಸೆಟಪ್ ಬಿಸಾಡಲಿಲ್ಲ. ಅದೂ ಪಿಪಿಪಿಯೇ, ಈಥರ್ನೆಟ್ ಮೇಲೆ ಓಡುತ್ತದೆ ಅಷ್ಟೇ. ಮೋಡೆಮ್ ಸಾಲುಗಳನ್ನು ತೆಗೆದು ಪಿಪಿಪಿಒಇ ಪ್ಲಗಿನ್ ಹಾಕಿದೆ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಬೈಟ್‌ಗೆ ಇಳಿಸಿದೆ. ಮಾಸ್ಕರೇಡ್, ಡಿಎನ್‌ಎಸ್‌ಮಾಸ್ಕ್, ಐಪಿ-ಅಪ್ ಸ್ಕ್ರಿಪ್ಟ್ ಇದ್ದ ಹಾಗೇ ಇದ್ದವು.