ಮನೆಯ ಕೋಣೆಯಲ್ಲೇ ರಾಕ್ ಆಲ್ಬಂ: ಮೊದಲ ಡೆಮೊದಿಂದ ಬಿಡುಗಡೆಯವರೆಗೆ

ಗಂಟೆಗಿಷ್ಟು ಎಂದು ಹಣ ತೆತ್ತು ಹಿಡಿದ ಸ್ಟುಡಿಯೊದಲ್ಲಿ ಗಡಿಯಾರವೇ ಅರ್ಧ ನಿರ್ಮಾಪಕನ ಕೆಲಸ ಮಾಡುತ್ತದೆ. ಗಿಟಾರಿನ ಧ್ವನಿ ಸಾಕೋ ಸಾಲದೋ, ಮೂರನೆಯ ಟೇಕ್ ಇರಲೋ ಐದನೆಯದೋ ಎಂಬುದನ್ನೆಲ್ಲ ಅಲ್ಲೇ, ಆಗಲೇ ನಿರ್ಧರಿಸದೆ ಗತ್ಯಂತರವಿರುವುದಿಲ್ಲ. ಮನೆಯ ಸ್ಟುಡಿಯೊದಲ್ಲಿ ಆ ಗಡಿಯಾರವಿಲ್ಲ. ಅದರ ಸುಖವೂ ಅದೇ, ಶಾಪವೂ ಅದೇ. 1979ರಲ್ಲಿ ಟ್ಯಾಸ್ಕಾಂ ಕಂಪನಿ ಮಾರುಕಟ್ಟೆಗೆ ತಂದ ಪೋರ್ಟಾಸ್ಟುಡಿಯೊ 144 ಎಂಬ ಯಂತ್ರದಲ್ಲಿ ಒಂದು ಕ್ಯಾಸೆಟ್ಟಿನ ಮೇಲೆ ನಾಲ್ಕೇ ಟ್ರ್ಯಾಕ್‌ಗಳಿದ್ದವು. ಐದನೆಯ ವಾದ್ಯಕ್ಕೆ ಜಾಗ ಬೇಕೆಂದರೆ ಹಿಂದಿನವುಗಳನ್ನು ಕೂಡಿಸಿ ಒಂದಾಗಿಸಬೇಕಿತ್ತು, ಹಾಗೆ ಕೂಡಿಸಿದ್ದನ್ನು ಮತ್ತೆ ಬಿಡಿಸುವಂತಿರಲಿಲ್ಲ. ಇಂದಿನ ಸಾಫ್ಟ್‌ವೇರಿನಲ್ಲಿ ನೂರು ಟ್ರ್ಯಾಕ್ ತೆರೆದರೂ ಯಾರೂ ಕೇಳುವುದಿಲ್ಲವಾದ್ದರಿಂದ ಪ್ರತಿ ತೀರ್ಮಾನವನ್ನೂ ಮುಂದಕ್ಕೆ ತಳ್ಳಬಹುದು, ತಳ್ಳುತ್ತ ತಳ್ಳುತ್ತ ಆಲ್ಬಂ ಮುಗಿಯದೆಯೇ ಉಳಿಯಬಹುದು. ಆದ್ದರಿಂದ ಮುಂದೆ ಹೇಳುವ ಪ್ರತಿ ಹಂತದಲ್ಲೂ ಏನನ್ನು ಮಾಡಬೇಕು ಎಂಬುದರ ಜೊತೆಗೆ ಏನನ್ನು ಆ ಹಂತದಲ್ಲೇ ಮುಗಿಸಿಬಿಡಬೇಕು ಎಂಬುದನ್ನೂ ಹೇಳಿದ್ದೇನೆ.

ಮೈಕ್ ಹಚ್ಚುವ ಮೊದಲು

ಹಾಡುಗಳ ಪಟ್ಟಿಯನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಎಂಟರಿಂದ ಹತ್ತು ಹಾಡು, ಒಟ್ಟು ಮೂವತ್ತೈದರಿಂದ ನಲವತ್ತು ನಿಮಿಷ ಎಂಬುದು ರಾಕ್ ಆಲ್ಬಮ್ಮಿಗೆ ಒಪ್ಪುವ ಅಳತೆ. ಮುಂದೆಂದಾದರೂ ವಿನೈಲ್ ತಟ್ಟೆಯಾಗಿ ಒತ್ತಿಸುವ ಆಸೆಯಿದ್ದರೆ ಒಂದು ಬದಿಗೆ ಸುಮಾರು ಇಪ್ಪತ್ತು ನಿಮಿಷವಿದ್ದಾಗ ಧ್ವನಿ ಚೆನ್ನಾಗಿ ಕೂರುತ್ತದೆ. ತಾಲೀಮನ್ನು ಫೋನಿನಲ್ಲಿ ಮುದ್ರಿಸಿಕೊಂಡು ಮರುದಿನ ಕೇಳಿದರೆ ವಾದ್ಯ ಹಿಡಿದು ನಿಂತಾಗ ತಿಳಿಯದ ದೋಷಗಳು ತಾವಾಗಿ ಕಿವಿಗೆ ಬೀಳುತ್ತವೆ. ಎರಡು ಗಿಟಾರುಗಳು ಒಂದೇ ಸ್ಥಾಯಿಯಲ್ಲಿ ಒಂದೇ ಕಾರ್ಡ್ ಬಾರಿಸುತ್ತಿರುವುದು, ಕೋರಸ್ ಬಂದರೂ ಹಾಡು ಏರದಿರುವುದು, ಶ್ರುತಿ ಗಾಯಕನಿಗೆ ಅರ್ಧ ಮನೆ ಹೆಚ್ಚಾಗಿರುವುದು ಇವೆಲ್ಲ ಮಿಕ್ಸಿಂಗ್‌ನಲ್ಲಿ, ಅಂದರೆ ಮುದ್ರಿಸಿದ ಟ್ರ್ಯಾಕುಗಳನ್ನು ಹದವಾಗಿ ಬೆರೆಸುವಾಗ, ಸರಿಹೋಗುವ ತೊಂದರೆಗಳಲ್ಲ. ಹಾಡಿನ ವೇಗವನ್ನು ನಿಮಿಷಕ್ಕೆ ಇಷ್ಟು ಬೀಟ್ ಎಂದು ಬರೆದಿಡಿ, ಕೋರಸ್ಸಿನಲ್ಲಿ ಒಂದೆರಡು ಬೀಟ್ ಹೆಚ್ಚಾಗುವುದು ಹಾಡಿನ ಸ್ವಭಾವವಾಗಿದ್ದರೆ ಕ್ಲಿಕ್ಕನ್ನೂ (ಹೆಡ್‌ಫೋನಿನಲ್ಲಿ ಲಯ ತೋರಿಸುವ ಟಿಕ್‌ಟಿಕ್ ಸದ್ದನ್ನೂ) ಹಾಗೆಯೇ ಏರಿಸಿ, ಆಮೇಲೆ ಆ ಕ್ಲಿಕ್ಕಿನ ಜೊತೆ ಮಾರ್ಗದರ್ಶಿಯಾಗಿ ಒಂದು ಗಿಟಾರ್ ಮತ್ತು ಹಾಡುಗಾರಿಕೆಯನ್ನು ಮುದ್ರಿಸಿಕೊಳ್ಳಿ.

ಕೋಣೆ, ಉಪಕರಣ

ಮಲಗುವ ಕೋಣೆಯಲ್ಲಿ ಮಿಕ್ಸ್ ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಕೆಳಸ್ಥಾಯಿ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆಯಾದ್ದರಿಂದ 3.4 ಮೀಟರ್ ಉದ್ದದ ಕೋಣೆಯಲ್ಲಿ 50 ಹರ್ಟ್ಸ್ ಆಸುಪಾಸಿನ ಸ್ವರವು ಎದುರುಬದುರಿನ ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ. ಗೋಡೆಯ ಬಳಿ ಬಾಸ್ ಗುಡುಗಿದಂತೆ, ನಟ್ಟನಡುವೆ ಇಲ್ಲವೇ ಇಲ್ಲವೆಂಬಂತೆ ಕೇಳಿಸುತ್ತದೆ. ಗೋಡೆಗೆ ಅಂಟಿಸುವ ಮೊಟ್ಟೆಯ ತಟ್ಟೆಗಳಿಂದ ಯಾವ ಪ್ರಯೋಜನವೂ ಇಲ್ಲ, ತೆಳು ಫೋಮ್ ಬರೀ ಮೇಲ್ಸ್ಥಾಯಿಯನ್ನು ಹೀರಿ ಕೋಣೆಯನ್ನು ಇನ್ನಷ್ಟು ಮಂಕಾಗಿಸುತ್ತದೆ. ಕನಿಷ್ಠ 10 ಸೆಂಟಿಮೀಟರ್ ದಪ್ಪದ ಗ್ಲಾಸ್‌ವುಲ್ ಅಥವಾ ರಾಕ್‌ವುಲ್ ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಮೊದಲು ಮೂಲೆಗಳಲ್ಲಿ ನಿಲ್ಲಿಸಿ. ಆಮೇಲೆ ಸ್ಪೀಕರಿನ ಮುಂದೆ ನೀವು ಕುಳಿತು, ಇನ್ನೊಬ್ಬರಿಂದ ಪಕ್ಕದ ಗೋಡೆಯುದ್ದಕ್ಕೂ ಕನ್ನಡಿಯೊಂದನ್ನು ಸರಿಸುತ್ತ ಹೋಗಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಾಣಿಸಿದ ಜಾಗದಲ್ಲಿ ಇನ್ನೊಂದು ಹಲಗೆ ಬೇಕು. ಇದರಿಂದ ಕೋಣೆಯೊಳಗಿನ ಧ್ವನಿ ಸ್ಪಷ್ಟವಾಗುತ್ತದೆಯೇ ಹೊರತು ಪಕ್ಕದ ಮನೆಗೆ ಶಬ್ದ ಹೋಗುವುದು ನಿಲ್ಲುವುದಿಲ್ಲ. ಅದಕ್ಕೆ ಭಾರವಾದ ಗೋಡೆಯೇ ಬೇಕು, ಇಲ್ಲವೇ ನೆರೆಯವರೊಂದಿಗೆ ಒಳ್ಳೆಯ ಸಂಬಂಧ ಬೇಕು.

ಉಪಕರಣಗಳ ಪಟ್ಟಿ ಚಿಕ್ಕದು: ಮೈಕು, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ, ಎರಡು ಇನ್‌ಪುಟ್‌ಗಳ ಆಡಿಯೊ ಇಂಟರ್‌ಫೇಸ್ (ಡ್ರಮ್ಸ್ ಮುದ್ರಿಸುವುದಾದರೆ ಕನಿಷ್ಠ ನಾಲ್ಕು), ಒಂದು ಡೈನಮಿಕ್ ಮೈಕ್, ಒಂದು ಕಂಡೆನ್ಸರ್ ಮೈಕ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ರೀಪರ್ ಅಥವಾ ಆರ್ಡರ್‌ನಂತಹ ಸಾಫ್ಟ್‌ವೇರ್. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ. ಅತಿ ಜೋರಾದ ಕ್ಷಣದಲ್ಲೂ ಮೀಟರು ಮೈನಸ್ 10 ಡೆಸಿಬೆಲ್ ದಾಟದಿದ್ದರೆ ಸಾಕು, ಏಕೆಂದರೆ 24 ಬಿಟ್‌ಗೆ ಲೆಕ್ಕದ ಪ್ರಕಾರ 144 ಡೆಸಿಬೆಲ್‌ಗಳ ಹರವಿದ್ದು, ಟೇಪಿನ ಕಾಲದವರಂತೆ ಮೀಟರನ್ನು ಕೆಂಪಿಗೆ ತಾಗಿಸುವ ಅಗತ್ಯ ಈಗ ಉಳಿದಿಲ್ಲ. ಮುದ್ರಿಸುವಾಗ, ಬಾರಿಸಿದ್ದು ಹೆಡ್‌ಫೋನಿಗೆ ತಡವಾಗಿ ಬಾರದಂತೆ, ಸಾಫ್ಟ್‌ವೇರಿನ ಬಫರನ್ನು 128 ಸ್ಯಾಂಪಲ್‌ಗೆ ಅಥವಾ ಅದಕ್ಕೂ ಕೆಳಗೆ ಇಳಿಸಿ, ಮಿಕ್ಸ್ ಮಾಡುವಾಗ ಏರಿಸಿ.

ಡ್ರಮ್ಸ್

ಮನೆಯ ಆಲ್ಬಂಗಳು ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ. ಇಡೀ ಕಿಟ್ಟನ್ನು ಮನೆಯಲ್ಲಿ ಬಾರಿಸಲು ಸಾಧ್ಯವಿಲ್ಲವೆಂದಾದರೆ ಎರಡು ದಿನದ ಮಟ್ಟಿಗೆ ತಾಲೀಮಿನ ಕೋಣೆಯೊಂದನ್ನು ಹಿಡಿದು ಎಲ್ಲ ಹಾಡುಗಳ ಡ್ರಮ್ಸನ್ನು ಅಲ್ಲೇ ಮುಗಿಸಿಕೊಂಡು ಬರುವುದು ನನಗೆ ಕಂಡಂತೆ ಅತ್ಯುತ್ತಮ ದಾರಿ. ಹೊಸ ತೊಗಲು ಹಾಕಿಸಿ, ಪ್ರತಿ ಡ್ರಮ್ಮಿನ ಶ್ರುತಿಯನ್ನು ತಾಳ್ಮೆಯಿಂದ ಕೂಡಿಸಿ, ಸಿಂಬಲ್‌ಗಳನ್ನು (ಲೋಹದ ತಟ್ಟೆಗಳನ್ನು) ಮೆಲ್ಲಗೆ ಮತ್ತು ಸ್ನೇರನ್ನು (ಕಿಟ್ಟಿನ ನಡುವಿನ ಚುರುಕು ಸದ್ದಿನ ಡ್ರಮ್ಮನ್ನು) ಜೋರಾಗಿ ಬಾರಿಸುವಂತೆ ಡ್ರಮ್ಮರನ್ನು ಒಪ್ಪಿಸಿ. ಈ ಕೊನೆಯದು ಹೇಳಿದಷ್ಟು ಸುಲಭವಲ್ಲ, ಆದರೆ ತಗ್ಗು ಛಾವಣಿಯ ಕೋಣೆಯಲ್ಲಿ ಸಿಂಬಲ್ಲಿನ ಆರ್ಭಟ ಎಲ್ಲ ಮೈಕುಗಳಿಗೂ ನುಗ್ಗಿದರೆ ಅದನ್ನು ಹೊರಹಾಕುವ ಯಾವ ಉಪಾಯವೂ ಇಲ್ಲ.

ಮೈಕುಗಳು ನಾಲ್ಕೇ ಇದ್ದರೂ ಚಿಂತಿಸಬೇಕಾಗಿಲ್ಲ. ಇಂಗ್ಲೆಂಡಿನ ಧ್ವನಿಮುದ್ರಕ ಗ್ಲಿನ್ ಜಾನ್ಸ್ ಅವರ ಹೆಸರಿನಲ್ಲೇ ಪ್ರಸಿದ್ಧವಾಗಿರುವ ವಿಧಾನದಲ್ಲಿ ಒಂದು ಮೈಕು ಸ್ನೇರಿನ ಮೇಲೆ ಸುಮಾರು ಒಂದು ಮೀಟರ್ ಎತ್ತರದಲ್ಲಿ, ಇನ್ನೊಂದು ಫ್ಲೋರ್ ಟಾಮ್‌ನ (ನೆಲದ ಮೇಲೆ ನಿಲ್ಲುವ ಡ್ರಮ್ಮಿನ) ಪಕ್ಕದಿಂದ ಸ್ನೇರಿನತ್ತ ನೋಡುವಂತೆ ನಿಲ್ಲುತ್ತದೆ. ಉಳಿದೆರಡು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಸ್ನೇರಿನ ಹತ್ತಿರ ಇರುತ್ತವೆ. ಮೇಲಿನ ಎರಡೂ ಮೈಕುಗಳು ಸ್ನೇರಿನ ನಡುವಿನಿಂದ ಒಂದೇ ದೂರದಲ್ಲಿರಬೇಕು, ಇದನ್ನು ಕಣ್ಣಳತೆಗೆ ಬಿಡದೆ ದಾರ ಹಿಡಿದು ಅಳೆಯಿರಿ. 34 ಸೆಂಟಿಮೀಟರ್ ಅಂತರವೆಂದರೆ ಒಂದು ಮಿಲಿಸೆಕೆಂಡಿನ ವ್ಯತ್ಯಾಸ, ಅಷ್ಟರಲ್ಲೇ ಅಲೆಗಳು ಒಂದನ್ನೊಂದು ಅಳಿಸಿ ಸ್ನೇರಿನ ಮೈಯೆಲ್ಲ ಕರಗಿಹೋಗಬಲ್ಲದು. ಮುದ್ರಿಸುವ ಮೊದಲು ಒಂದೊಂದೇ ಮೈಕಿನ ಪೊಲಾರಿಟಿ ಗುಂಡಿಯನ್ನು (ಅಲೆಯನ್ನು ತಲೆಕೆಳಗಾಗಿಸುವ ಗುಂಡಿಯನ್ನು) ತಿರುಗಿಸಿ ಕೇಳಿ. ಯಾವ ಸ್ಥಿತಿಯಲ್ಲಿ ಕೆಳಸ್ಥಾಯಿ ತುಂಬಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ.

ಸಾಫ್ಟ್‌ವೇರಿನಲ್ಲೇ ಡ್ರಮ್ಸ್ ಬರೆಯುವವರು ಡ್ರಮ್ಮರಿಗೆ ಎರಡೇ ಕೈಗಳೆಂಬುದನ್ನು ಮರೆಯಬಾರದು: ಹೈಹ್ಯಾಟ್, ಕ್ರ್ಯಾಶ್ ಮತ್ತು ಸ್ನೇರ್ ಒಟ್ಟಿಗೆ ಬಿದ್ದ ಕೂಡಲೇ ಕೇಳುಗನಿಗೆ ಕಾರಣ ತಿಳಿಯದಿದ್ದರೂ ಕೃತಕತೆ ತಿಳಿಯುತ್ತದೆ. ಹೊಡೆತಗಳ ಬಲ ಒಂದೇ ಸಮ ಇರದಿರಲಿ. ನಡುವಣ ದಾರಿಯೂ ಒಂದಿದೆ. ಎಲೆಕ್ಟ್ರಾನಿಕ್ ಕಿಟ್ಟಿನಲ್ಲಿ ನಿಜವಾದ ಡ್ರಮ್ಮರ್ ಬಾರಿಸಿದ್ದನ್ನು ಮಿಡಿಯಾಗಿ (ಧ್ವನಿಯ ಬದಲು ಯಾವ ಹೊಡೆತ, ಯಾವಾಗ, ಎಷ್ಟು ಬಲ ಎಂಬ ದತ್ತಾಂಶವಾಗಿ) ಮುದ್ರಿಸಿಕೊಂಡರೆ ಮನುಷ್ಯನ ಲಯವೂ ಸಿಗುತ್ತದೆ, ನೆರೆಮನೆಯ ಶಾಂತಿಯೂ ಉಳಿಯುತ್ತದೆ.

ಬಾಸ್ ಮತ್ತು ಗಿಟಾರ್

ಡ್ರಮ್ಸ್ ಆದ ಮೇಲೆ ಬಾಸ್, ಅದರ ಮೇಲೆ ಗಿಟಾರ್ ಎಂಬ ಕ್ರಮ ಒಳ್ಳೆಯದು. ಬಾಸನ್ನು ನೇರವಾಗಿ ಇಂಟರ್‌ಫೇಸಿಗೆ ಕೊಟ್ಟು ಮುದ್ರಿಸಿ, ಅದರ ನಕಲೊಂದಕ್ಕೆ ಡಿಸ್ಟಾರ್ಷನ್ ಹಾಕಿ, ಆ ನಕಲಿನಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಮೂಲದ ಜೊತೆ ಬೆರೆಸಿದರೆ ಚಿಕ್ಕ ಸ್ಪೀಕರಿನಲ್ಲೂ ಬಾಸ್ ಎಲ್ಲಿದೆ ಎಂಬುದು ತಿಳಿಯುತ್ತದೆ.

ಗಿಟಾರಿಗೆ ಹೊಸ ತಂತಿ ಹಾಕಿ, ಇಂಟೊನೇಷನ್ (ಕತ್ತಿನುದ್ದಕ್ಕೂ ಪ್ರತಿ ಮನೆಯ ಶ್ರುತಿ) ಸರಿಪಡಿಸಿ, ಪ್ರತಿ ಟೇಕಿಗೂ ಮುನ್ನ ಶ್ರುತಿ ನೋಡಿಕೊಳ್ಳಿ. ಆಂಪಿನ (ಗಿಟಾರಿನ ಆಂಪ್ಲಿಫೈಯರಿನ) ಮುಂದೆ 1965ರಿಂದಲೂ ಮಾರಾಟದಲ್ಲಿರುವ ಶೂರ್ ಎಸ್‌ಎಂ57ನಂತಹ ಡೈನಮಿಕ್ ಮೈಕೊಂದು ಸಾಕು. ಅದನ್ನು ಜಾಲರಿಗೆ ತಾಗುವಷ್ಟು ಹತ್ತಿರವಿಟ್ಟು, ಒಳಗಿನ ಸ್ಪೀಕರಿನ ಶಂಕುವಿನ ನಡುವಿನಿಂದ ಅಂಚಿನ ಕಡೆಗೆ ಒಂದೊಂದೇ ಸೆಂಟಿಮೀಟರ್ ಸರಿಸುತ್ತ ಹೋದರೆ ಧ್ವನಿ ಚೂಪಿನಿಂದ ಮಂದ್ರದತ್ತ ತಿರುಗುತ್ತದೆ. ಈಕ್ವಲೈಸರಿನಲ್ಲಿ ಅರ್ಧ ದಿನ ಹುಡುಕಿದರೂ ಸಿಗದ ಬಣ್ಣ ಈ ಎರಡು ಮೂರು ಸೆಂಟಿಮೀಟರಿನಲ್ಲಿ ಅಡಗಿರುತ್ತದೆ. ಗೇನ್ (ಆಂಪಿನಲ್ಲಿ ಧ್ವನಿಯನ್ನು ಒರಟಾಗಿಸುವ ಗುಂಡಿ) ನಿಮಗೆ ಬೇಕೆನಿಸಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇರಲಿ. ಒಬ್ಬರೇ ಬಾರಿಸುವಾಗ ಕಿರಿದೆನಿಸುವ ಧ್ವನಿ ಎರಡು ಬಾರಿ ಮುದ್ರಿಸಿ ಎಡಕ್ಕೊಂದು ಬಲಕ್ಕೊಂದು ಹಂಚಿದಾಗ ಗೋಡೆಯಂತೆ ನಿಲ್ಲುತ್ತದೆ, ಆದರೆ ಹೆಚ್ಚು ಗೇನ್ ಇದ್ದ ಎರಡು ಟ್ರ್ಯಾಕುಗಳು ಸೇರಿದರೆ ಕಾರ್ಡಿನ ಸ್ವರಗಳೇ ಮಸಕಾಗುತ್ತವೆ. ಇಲ್ಲಿ ಎರಡು ಬಾರಿ ಎಂದರೆ ನಿಜಕ್ಕೂ ಎರಡು ಬಾರಿ ಬಾರಿಸಬೇಕು. ಒಂದೇ ಟೇಕನ್ನು ನಕಲಿಸಿ ಎರಡೂ ಬದಿಗೆ ಇಟ್ಟರೆ ಅಗಲವಾಗುವುದಿಲ್ಲ, ಜೋರಾಗುತ್ತದೆ ಅಷ್ಟೆ.

ಆಂಪಿನ ಜೊತೆಜೊತೆಗೆ ಗಿಟಾರಿನ ನೇರ ಧ್ವನಿಯನ್ನೂ ಬೇರೊಂದು ಟ್ರ್ಯಾಕಿನಲ್ಲಿ ಮುದ್ರಿಸಿಕೊಂಡರೆ ಅನಿವಾರ್ಯವಾದಾಗ ಅದನ್ನು ಮತ್ತೆ ಆಂಪಿಗೆ ಕಳಿಸಿ ಹೊಸದಾಗಿ ಮುದ್ರಿಸಬಹುದು. ಸಾಫ್ಟ್‌ವೇರ್ ಆಂಪ್‌ಗಳನ್ನು ಬಳಸುವವರು ಇಂಟರ್‌ಫೇಸಿನಲ್ಲಿ ವಾದ್ಯಕ್ಕೆಂದೇ ಇರುವ ಇನ್‌ಪುಟ್ಟನ್ನು ಆರಿಸಬೇಕು, ಮತ್ತು ಆಂಪಿನ ಮಾದರಿಗಿಂತ ಕ್ಯಾಬಿನೆಟ್ಟಿನ ಇಂಪಲ್ಸ್ ರೆಸ್ಪಾನ್ಸ್ (ನಿಜವಾದ ಸ್ಪೀಕರ್ ಪೆಟ್ಟಿಗೆಯ ಧ್ವನಿಗುಣವನ್ನು ಹಿಡಿದಿಟ್ಟ ಕಡತ) ಆಯ್ಕೆಗೆ ಹೆಚ್ಚು ಸಮಯ ಕೊಡಬೇಕು. ಆದರೆ ಇಲ್ಲಿಯೇ ಜಾರುವ ಅಪಾಯವೂ ಇದೆ. ‘ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು’ ಎಂಬಂತೆ ಧ್ವನಿಯ ಆಯ್ಕೆಯನ್ನು ಮಿಕ್ಸಿಂಗ್‌ಗೆ ಬಿಟ್ಟವರು ಅಲ್ಲಿ ಹತ್ತು ಹಾಡುಗಳ ನಲವತ್ತು ಗಿಟಾರ್ ಟ್ರ್ಯಾಕುಗಳನ್ನು ಒಟ್ಟಿಗೆ ಎದುರಿಸಬೇಕಾಗುತ್ತದೆ. ಆ ದಿನವೇ ಧ್ವನಿಯನ್ನು ಆರಿಸಿ, ಪರಿಣಾಮಗಳ ಸಮೇತ ಆಡಿಯೊ ಆಗಿ ಮುದ್ರಿಸಿ, ನೇರ ಟ್ರ್ಯಾಕನ್ನು ಕಣ್ಣಿಗೆ ಬೀಳದಂತೆ ಮರೆಮಾಡಿ.

ಹಾಡುಗಾರಿಕೆ

ದಿನಕ್ಕೆ ಒಂದು ಅಥವಾ ಎರಡು ಹಾಡು ಸಾಕು. ರಾಕ್ ಹಾಡುಗಾರಿಕೆ ಗಂಟಲನ್ನು ಬೇಗ ದಣಿಸುತ್ತದೆ. ಮೈಕಿನಿಂದ 15ರಿಂದ 20 ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್, ಗಾಯಕನ ಬೆನ್ನ ಹಿಂದೆ ದಪ್ಪ ರಜಾಯಿ. ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂದಿನ ಧ್ವನಿಯನ್ನೇ ಹಿಡಿಯುವ) ಮೈಕಿಗೆ ಹತ್ತಿರವಾದಷ್ಟೂ ಕೆಳಸ್ಥಾಯಿ ಉಬ್ಬುತ್ತದೆಯಾದ್ದರಿಂದ ಮೆಲುದನಿಯ ಸಾಲಿಗೆ ಹತ್ತಿರ ಸರಿಯುವುದನ್ನೂ ಕೂಗುವ ಸಾಲಿಗೆ ಹಿಂದೆ ಸರಿಯುವುದನ್ನೂ ಗಾಯಕ ರೂಢಿಸಿಕೊಂಡರೆ ಮುಂದಿನ ಕೆಲಸ ಅರ್ಧವಾಗುತ್ತದೆ. ಹೆಡ್‌ಫೋನಿನಲ್ಲಿ ಅವನಿಗೆ ಏನು ಕೇಳಿಸುತ್ತದೆ ಎಂಬುದನ್ನು ನೀವೂ ಒಮ್ಮೆ ಹಾಕಿಕೊಂಡು ನೋಡಿ. ಅಪಶ್ರುತಿಗೆ ಎಷ್ಟೋ ಬಾರಿ ಗಾಯಕನಿಗಿಂತ ಹೆಡ್‌ಫೋನ್ ಮಿಕ್ಸೇ ಕಾರಣ. ನಾಲ್ಕು ಪೂರ್ಣ ಟೇಕ್ ತೆಗೆದುಕೊಂಡು, ನೆನಪು ಹಸಿಯಿರುವಾಗಲೇ ಒಳ್ಳೆಯ ಸಾಲುಗಳನ್ನು ಆರಿಸಿ ಒಂದಾಗಿ ಜೋಡಿಸಿ, ಉಳಿದವನ್ನು ಬದಿಗಿಡಿ.

ಮಿಕ್ಸಿಂಗ್, ಮಾಸ್ಟರಿಂಗ್

ಪ್ಲಗಿನ್ (ಧ್ವನಿಯನ್ನು ಬದಲಿಸುವ ಸೇರ್ಪಡೆ ತಂತ್ರಾಂಶ) ಒಂದನ್ನೂ ತೆರೆಯದೆ, ಬರೀ ಫೇಡರುಗಳಿಂದ (ಪ್ರತಿ ಟ್ರ್ಯಾಕಿನ ಮಟ್ಟ ಏರಿಳಿಸುವ ಪಟ್ಟಿಗಳಿಂದ), ಮೋನೊದಲ್ಲಿ, ಮೆಲುದನಿಯಲ್ಲಿ ಒಂದು ಮಿಕ್ಸ್ ಮಾಡಿ. ಆ ಸ್ಥಿತಿಯಲ್ಲಿ ಹಾಡು ನಿಂತರೆ ಮುಂದಿನದೆಲ್ಲ ಅಲಂಕಾರ. ಆಮೇಲೆ ಗಿಟಾರುಗಳಲ್ಲಿ 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಕತ್ತರಿಸಿ ಬಾಸ್ ಮತ್ತು ಕಿಕ್‌ಗೆ ಜಾಗ ಬಿಡಿ. 200ರಿಂದ 400 ಹರ್ಟ್ಸ್ ನಡುವೆ ಎಲ್ಲ ವಾದ್ಯಗಳೂ ಗುಂಪುಗೂಡಿ ಎಬ್ಬಿಸುವ ಮಬ್ಬನ್ನು ಎಲ್ಲಿಂದ ಎಷ್ಟು ಇಳಿಸಬೇಕೆಂದು ಇಡೀ ಹಾಡು ಓಡುತ್ತಿರುವಾಗಲೇ ನಿರ್ಧರಿಸಿ, ಏಕೆಂದರೆ ಗಿಟಾರನ್ನು ಒಂಟಿಯಾಗಿ ಕೇಳಿ ಸರಿಪಡಿಸಿದವರು ಅದನ್ನು ಸುಂದರಗೊಳಿಸಿ ಹಾಡನ್ನು ಕೆಡಿಸಿರುತ್ತಾರೆ. ನಿಮಗೆ ಮೆಚ್ಚುಗೆಯಾದ ಆಲ್ಬಂ ಒಂದರ ಹಾಡನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ, ಆದರೆ ಮೊದಲು ಅದರ ಮಟ್ಟವನ್ನು ನಿಮ್ಮ ಮಿಕ್ಸಿನ ಮಟ್ಟಕ್ಕೆ ಇಳಿಸಿ; ಜೋರಾಗಿರುವುದೇ ಉತ್ತಮವೆಂದು ಕಿವಿ ಯಾವಾಗಲೂ ಮೋಸ ಹೋಗುತ್ತದೆ. ಹಾಡಿಗೆ ಮೂರು ಆವೃತ್ತಿಗಳ ಮಿತಿ ಹಾಕಿಕೊಳ್ಳಿ. ನಾಲ್ಕನೆಯ ಆವೃತ್ತಿ ಬೇಕೆನಿಸಿದರೆ ತೊಂದರೆ ಮಿಕ್ಸಿನಲ್ಲಿರದೆ ಯಾವುದೋ ಟೇಕಿನಲ್ಲಿದೆ ಎಂದೇ ತಿಳಿದು ಆ ಟೇಕನ್ನು ಮತ್ತೆ ಮುದ್ರಿಸಿ.

ಮಾಸ್ಟರಿಂಗನ್ನು, ಅಂದರೆ ಮಿಕ್ಸ್ ಆದ ಹಾಡುಗಳನ್ನು ಬಿಡುಗಡೆಗೆ ಅಣಿಗೊಳಿಸುವ ಕೊನೆಯ ಹದವನ್ನು, ಸಾಧ್ಯವಾದರೆ ಬೇರೊಬ್ಬರಿಗೆ ಒಪ್ಪಿಸಿ. ನಿಮ್ಮ ಕೋಣೆಯ ದೋಷ ನಿಮ್ಮ ಕಿವಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ನೀವೇ ಮಾಡುವುದಾದರೆ ಎರಡು ವಾರ ಬಿಟ್ಟು ಕುಳಿತು, ಇಡೀ ಆಲ್ಬಂ ಅನ್ನು ಒಂದೇ ಪ್ರಾಜೆಕ್ಟಿನಲ್ಲಿ ಸಾಲಾಗಿ ಇಟ್ಟು, ಹಾಡಿನಿಂದ ಹಾಡಿಗೆ ಹಾಡುಗಾರಿಕೆಯ ಮಟ್ಟ ಸಮನಾಗಿದೆಯೇ, ನಡುವಿನ ಮೌನ ಸರಿಯಾಗಿದೆಯೇ ಎಂದು ಕೇಳಿ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ) ಮಟ್ಟಕ್ಕೆ ಹೊಂದಿಸಿ ನುಡಿಸುತ್ತದೆ. ರಾಕ್ ಆಲ್ಬಂಗಳು ಹೆಚ್ಚಾಗಿ ಇದಕ್ಕಿಂತ ಜೋರಾಗಿಯೇ ಇರುತ್ತವೆ, ಅದು ತಪ್ಪಲ್ಲ. ಆದರೆ ಸ್ನೇರಿನ ಏಟನ್ನು ಚಪ್ಪಟೆ ಮಾಡಿ ಗಳಿಸಿದ ಜೋರು ಅಲ್ಲಿ ಇಳಿದುಹೋಗಿ ಚಪ್ಪಟೆಯಾದದ್ದು ಮಾತ್ರ ಉಳಿಯುತ್ತದೆ. ಟ್ರೂ ಪೀಕ್ (ಅಲೆಯ ನಿಜವಾದ ತುತ್ತತುದಿ) ಮೈನಸ್ 1 ಡೆಸಿಬೆಲ್‌ಗಿಂತ ಮೇಲೇರದಿರಲಿ, 16 ಬಿಟ್‌ಗೆ ಇಳಿಸುವಾಗ ಡಿದರ್ (ಇಳಿಸುವಿಕೆಯ ಒರಟುತನವನ್ನು ಮರೆಮಾಡುವ ಅತಿ ಸಣ್ಣ ಗೊರಗೊರ ಸದ್ದು) ಹಾಕುವುದನ್ನು ಮರೆಯಬೇಡಿ.

ಬಿಡುಗಡೆ

ಅಪ್‌ಲೋಡ್ ಮಾಡುವ ಮೊದಲು ಬ್ಯಾಂಡಿನವರೆಲ್ಲ ಕುಳಿತು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಹಾಡಿನ ರಚನೆಯ ಹಕ್ಕು ಬೇರೆ, ಧ್ವನಿಮುದ್ರಿಕೆಯ ಹಕ್ಕು ಬೇರೆ. ಯಾರಿಗೆ ಯಾವುದರಲ್ಲಿ ಶೇಕಡಾ ಎಷ್ಟು ಎಂಬುದು ಹಣ ಬಾರದಿರುವಾಗ ಹತ್ತು ನಿಮಿಷದ ಮಾತು, ಬಂದ ಮೇಲೆ ಜಗಳ. ಬೇರೆಯವರ ಹಾಡನ್ನು ಹಾಡಿದ್ದರೆ ಅದಕ್ಕೆ ಪರವಾನಗಿ ಬೇಕು.

ಡಿಸ್ಟ್ರೊಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಮುಂತಾದ ವಿತರಕರು ಆಲ್ಬಂ ಅನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುತ್ತಾರೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೇಳುಗರಿಗೆ ನೇರವಾಗಿ ಮಾರಬಹುದು. ಡಬ್ಲ್ಯುಎವಿ (WAV) ಕಡತಗಳು, 3000 ಪಿಕ್ಸೆಲ್ ಚೌಕದ ಮುಖಪುಟ, ಎಲ್ಲೆಡೆ ಒಂದೇ ಕಾಗುಣಿತದಲ್ಲಿರುವ ಹೆಸರುಗಳು ಸಿದ್ಧವಿರಲಿ. ಪ್ರತಿ ಧ್ವನಿಮುದ್ರಿಕೆಗೂ ಅದನ್ನು ಗುರುತಿಸುವ, ಅಕ್ಷರ ಮತ್ತು ಅಂಕಿಗಳು ಸೇರಿ 12 ಚಿಹ್ನೆಗಳ ಐಎಸ್‌ಆರ್‌ಸಿ (ISRC) ಸಂಕೇತವಿರುತ್ತದೆ; ಒಂದು ಹಾಡನ್ನು ಮೊದಲು ಸಿಂಗಲ್ ಆಗಿ ಬಿಟ್ಟಿದ್ದರೆ ಅದೇ ಸಂಕೇತವನ್ನು ಆಲ್ಬಂನಲ್ಲೂ ಕೊಡಿ, ಇಲ್ಲವಾದರೆ ಅದುವರೆಗಿನ ಪ್ಲೇಗಳ ಲೆಕ್ಕ ಹಾಡಿನೊಂದಿಗೆ ಬಾರದೆ ಹೋಗಬಹುದು. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಸಂಗೀತಕ್ಕೆ ಶುಕ್ರವಾರವೇ ಬಿಡುಗಡೆಯ ದಿನವಾಗಿದೆ. ಸ್ಪಾಟಿಫೈ ಸಂಪಾದಕರ ಗಮನಕ್ಕೆ ಹಾಡನ್ನು ತರಲು ಕನಿಷ್ಠ ಏಳು ದಿನ ಮುಂಚೆ ಕಳಿಸಬೇಕಾಗುತ್ತದೆಯಾದ್ದರಿಂದ ವಿತರಕರಿಗೆ ನಾಲ್ಕು ವಾರ ಮೊದಲೇ ಎಲ್ಲವನ್ನೂ ಒಪ್ಪಿಸಿದರೆ ತಪ್ಪು ತಿದ್ದಲು ಸಮಯವಿರುತ್ತದೆ.

ಬಿಡುಗಡೆಯ ವಾರದಲ್ಲೇ ಇನ್ನೊಂದು ಕೆಲಸ ಮುಗಿಸಿ. ಪ್ರತಿ ಹಾಡಿನ ಎಲ್ಲ ಟ್ರ್ಯಾಕುಗಳನ್ನೂ ಒಂದೇ ಆರಂಭಬಿಂದುವಿನಿಂದ ಡಬ್ಲ್ಯುಎವಿ ಆಗಿ ಹೊರತೆಗೆದು, ಕಡತದ ಹೆಸರಿನಲ್ಲೇ ಹಾಡಿನ ವೇಗವನ್ನು ಬರೆದು, ಹಾಡುಗಾರಿಕೆಯಿಲ್ಲದ ಮಿಕ್ಸ್ ಒಂದನ್ನೂ ಸೇರಿಸಿ ಎರಡು ಬೇರೆ ಬೇರೆ ಡ್ರೈವುಗಳಲ್ಲಿ ಇಡಿ. ಐದು ವರ್ಷದ ನಂತರ ಆ ಪ್ಲಗಿನ್‌ಗಳಲ್ಲಿ ಅರ್ಧದಷ್ಟು ತೆರೆಯದೇ ಹೋದರೂ ಈ ಕಡತಗಳು ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆದುಕೊಳ್ಳುತ್ತವೆ.