ಇಸವಿ ಇಲ್ಲದ ಪುಸ್ತಕಗಳ ಜೊತೆ ಎರಡೂವರೆ ವರ್ಷ

ಒಂದು ಚಿಕ್ಕ ಕ್ಯಾಥೋಲಿಕ್ ಪ್ರಕಾಶನದ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಬಂದಿದ್ದು, ನಾನು ಅಲ್ಲಿ ಕರಡು ತಿದ್ದುತ್ತಿದ್ದೆ ಅನ್ನೋ ಒಂದೇ ಕಾರಣಕ್ಕೆ. "ಹಳೇ ಪುಸ್ತಕಗಳನ್ನೆಲ್ಲ ನೀವು ಹೇಗೂ ಓದಿದ್ದೀರಿ, ಬರೆದುಬಿಡಿ" ಅಂದರು ಫಾದರ್. ಆರು ತಿಂಗಳು ಸಾಕು ಅಂದೆ. ಎರಡೂವರೆ ವರ್ಷ ಹಿಡಿಯಿತು.

ದಾಖಲೆ ಅಂತ ಕೈಗೆ ಸಿಕ್ಕಿದ್ದು ನಾಲ್ಕು ಲೆಕ್ಕದ ಪುಸ್ತಕ, ಒಂದು ಟ್ರಂಕಿನಷ್ಟು ಪತ್ರ, ಗೋದಾಮಿನಲ್ಲಿ ಉಳಿದಿದ್ದ ಪುಸ್ತಕಗಳು, ಅಷ್ಟೇ. ಲೆಕ್ಕದ ಪುಸ್ತಕಗಳಲ್ಲಿ ಒಂದನ್ನು ಗೆದ್ದಲು ಅರ್ಧ ತಿಂದಿತ್ತು. ಇದರ ಜೊತೆಗೆ ಎಲ್ಲರೂ ಬಾಯಲ್ಲಿ ಹೇಳುವ ಒಂದು ಕಥೆ ಇತ್ತು. ಸ್ಥಾಪಕ ಗುರುಗಳು ಹಳೇ ಪ್ರೆಸ್ಸೊಂದನ್ನು ಕೊಂಡು, ತಾವೇ ಅಚ್ಚಿನ ಮೊಳೆ ಜೋಡಿಸಿ, ಮೊದಲ ಪುಸ್ತಕ ಅಚ್ಚು ಮಾಡಿದರಂತೆ. ಮೊದಲ ಲೆಕ್ಕದ ಪುಸ್ತಕ ತೆರೆದ ದಿನವೇ ಆ ಕಥೆ ಬಿದ್ದುಹೋಯಿತು. ಪುಟಪುಟಕ್ಕೂ "ಅಚ್ಚಿನ ಬಾಕಿ", "ಅಚ್ಚಿನ ಬಾಕಿ". ಅಂದರೆ ಅವರ ಹತ್ತಿರ ಪ್ರೆಸ್ಸೇ ಇರಲಿಲ್ಲ. ಬೇರೆಯವರ ಹತ್ತಿರ ಸಾಲದಲ್ಲಿ ಅಚ್ಚು ಹಾಕಿಸುತ್ತಿದ್ದರು. ನನಗಂತೂ ಈ ಸಾಲದ ಕಥೆಯೇ ಜಾಸ್ತಿ ಇಷ್ಟವಾಯಿತು.

ದೊಡ್ಡ ತಲೆನೋವು ಇಸವಿಯದು. ಪ್ರಾರ್ಥನೆ ಪುಸ್ತಕ, ಜಪಸರದ (ರೋಸರಿ) ಕಿರುಹೊತ್ತಿಗೆ, ಮಕ್ಕಳ ಧರ್ಮೋಪದೇಶ, ಯಾವುದರಲ್ಲೂ ಅಚ್ಚಾದ ವರ್ಷ ಇಲ್ಲ. ಮರೆತಿದ್ದಲ್ಲ, ಬೇಕಂತಲೇ ಬಿಟ್ಟಿದ್ದು. ಇಸವಿ ಹಾಕಿದರೆ ಅಂಗಡಿಯವರು ಹಳೇ ಸ್ಟಾಕ್ ಅಂತ ವಾಪಸ್ ಕಳಿಸುತ್ತಾರೆ ಅಂತ ಒಂದು ಪತ್ರದಲ್ಲಿ ಬರೆದೇ ಇದ್ದಾರೆ.

ಆದರೆ ಹಳೇ ಕ್ಯಾಥೋಲಿಕ್ ಪುಸ್ತಕಗಳಲ್ಲಿ ಒಂದು ಅನುಕೂಲ ಇದೆ. ಶೀರ್ಷಿಕೆ ಪುಟದ ಹಿಂಬದಿ ನೋಡಿ, ಲ್ಯಾಟಿನ್‌ನಲ್ಲಿ ಎರಡು ಮೂರು ಸಾಲು ಇರುತ್ತವೆ. "ನಿಹಿಲ್ ಒಬ್ಸ್ಟಾಟ್" ಅಂದರೆ ತಡೆಯುವಂಥದ್ದು ಏನೂ ಇಲ್ಲ ಅಂತ. ಇದು ಪುಸ್ತಕ ಓದಿ ನೋಡಿದ ಪರಿಶೀಲಕರ ಮಾತು. "ಇಂಪ್ರಿಮಾತುರ್" ಅಂದರೆ ಅಚ್ಚಾಗಲಿ ಅಂತ, ಇದು ಬಿಷಪ್ ಅಥವಾ ಅವರ ಪರವಾಗಿ ಅಧಿಕಾರ ಇದ್ದವರ ಅನುಮತಿ. ಬರೆದವರು ಯಾವುದಾದರೂ ಸನ್ಯಾಸಿ ಸಭೆಯವರಾದರೆ ಅವರ ಮೇಲಧಿಕಾರಿಯ "ಇಂಪ್ರಿಮಿ ಪೊತೆಸ್ತ್" ಕೂಡ ಇರುತ್ತದೆ. 1917ರ ಚರ್ಚ್ ಕಾನೂನಿನ ಪ್ರಕಾರ ಅನುಮತಿ ಕೊಟ್ಟವರ ಹೆಸರು, ಊರು, ತಾರೀಕು ಮೂರನ್ನೂ ಪುಸ್ತಕದ ಮೊದಲಲ್ಲೋ ಕೊನೆಯಲ್ಲೋ ಅಚ್ಚು ಮಾಡಲೇಬೇಕಿತ್ತು. ಪ್ರಕಾಶಕರು ಇಸವಿ ಮುಚ್ಚಿಟ್ಟರೂ ಬಿಷಪ್ ಹೇಳಿಬಿಡುತ್ತಾರೆ! ಖುಷಿಯಿಂದ ಒಂದು ದೊಡ್ಡ ಪಟ್ಟಿ ಮಾಡಿದೆ.

ಮಾಡಿ ಎಡವಿದೆ. ಸತತ ಕೆಲವು ಪುಸ್ತಕಗಳಲ್ಲಿ ಇಂಪ್ರಿಮಾತುರ್‌ನ ಕೆಳಗೆ ಬೇರೆಯೇ ಊರಿನ ಹೆಸರಿತ್ತು. ಸಂಸ್ಥೆ ಸ್ವಲ್ಪ ಕಾಲ ಅಲ್ಲಿಗೆ ಹೋಗಿತ್ತು ಅಂತ ತೀರ್ಮಾನಿಸಿ, ಯಾಕೆ ಹೋಯಿತು, ಯಾಕೆ ವಾಪಸ್ ಬಂತು ಅಂತ ಇಡೀ ಒಂದು ಅಧ್ಯಾಯ ಬರೆದೆ. ಕಾರಣಗಳನ್ನೂ ಚೆನ್ನಾಗಿಯೇ ಹೊಂದಿಸಿದ್ದೆ. ಆಮೇಲೆ ಆ ಕಾನೂನನ್ನೇ ಪೂರ್ತಿ ಓದಿದೆ. ಅನುಮತಿಯನ್ನು ಲೇಖಕರ ಸ್ವಂತ ಬಿಷಪ್ ಕೊಡಬಹುದು, ಪ್ರಕಾಶನ ಇರುವ ಊರಿನ ಬಿಷಪ್ ಕೊಡಬಹುದು, ಇಲ್ಲವೇ ಅಚ್ಚಾಗುವ ಊರಿನ ಬಿಷಪ್ ಕೊಡಬಹುದು. ಸಂಸ್ಥೆ ಎಲ್ಲಿಗೂ ಹೋಗಿರಲಿಲ್ಲ. ಸಾಲ ಕೊಡುವ ಪ್ರೆಸ್ಸು ಆ ಊರಲ್ಲಿತ್ತು, ಅಷ್ಟೇ. ಅಧ್ಯಾಯ ಕಸದ ಬುಟ್ಟಿಗೆ ಹೋಯಿತು. ಇನ್ನೊಂದು ವಿಷಯ, ಮರುಮುದ್ರಣದಲ್ಲಿ ಹಳೇ ಅನುಮತಿಯ ತಾರೀಕನ್ನೇ ಹಾಗೇ ಅಚ್ಚು ಮಾಡಿರುವುದೂ ಉಂಟು. ಹಾಗಾಗಿ ಆ ತಾರೀಕಿಗಿಂತ ಮುಂಚೆ ಅಲ್ಲ ಅಂತ ಮಾತ್ರ ಹೇಳಬಹುದು.

ಹಾಗಾದರೆ ನಿಜವಾಗಿ ಯಾವಾಗಿನದು? ಅದನ್ನು ಹೇಳಿಕೊಟ್ಟಿದ್ದು ಪ್ರಾರ್ಥನೆಗಳೇ. ಮರಿಯಮ್ಮನವರನ್ನು ಒಂದೊಂದೇ ಬಿರುದಿನಿಂದ ಕರೆಯುವ ಸ್ತುತಿಮಾಲೆ ತೆಗೆದುಕೊಳ್ಳಿ. "ಸ್ವರ್ಗಕ್ಕೆ ಒಯ್ಯಲ್ಪಟ್ಟ ರಾಣಿ" ಅನ್ನುವ ಸಾಲು ಸೇರಿದ್ದು 1950ರಲ್ಲಿ, "ಕುಟುಂಬಗಳ ರಾಣಿ" 1995ರಲ್ಲಿ. ಜಪಸರ ಹೇಳುವಾಗ ಧ್ಯಾನಿಸುವ ಘಟನೆಗಳಲ್ಲಿ ಬೆಳಕಿನ ರಹಸ್ಯಗಳು ಅನ್ನುವ ಗುಂಪು ಇದ್ದರೆ ಅದು 2002ರ ನಂತರದ್ದು. ಪ್ರಾರ್ಥನೆಯ ಕೆಳಗೆ "300 ದಿನಗಳ" ಇಂಡಲ್ಜೆನ್ಸ್ (ಪಾಪದ ಶಿಕ್ಷೆಗೆ ಚರ್ಚ್ ಕೊಡುವ ವಿನಾಯಿತಿ) ಅಂತ ಚಿಕ್ಕ ಅಕ್ಷರದಲ್ಲಿ ಇದ್ದರೆ, ಆ ಪಾಠ 1967ಕ್ಕಿಂತ ಹಿಂದಿನದು. ಹೀಗೆ ದಿನ, ವರ್ಷ ಎಣಿಸುವ ಪದ್ಧತಿಯನ್ನು ಪೋಪ್ ಆರನೇ ಪೌಲರು ಆ ವರ್ಷ ಕೈಬಿಟ್ಟರು.

ಇದರಲ್ಲಿ ನಾನು ಮರೆಯಲಾಗದ್ದು ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಮೊದಲ ಸಲ ಸ್ವೀಕರಿಸುವ ಮಕ್ಕಳಿಗೆಂದು ಮಾಡಿದ್ದ ಒಂದು ಕಿರುಹೊತ್ತಿಗೆ. ಪ್ರಸಾದಕ್ಕೆ ಮುಂಚೆ ಎಷ್ಟು ಹೊತ್ತು ಉಪವಾಸ ಇರಬೇಕು ಅನ್ನುವ ಕಡೆ ಬೆರಳಗಲದ ಒಂದು ಚೀಟಿ ಅಂಟಿಸಿದ್ದರು: "ಮೂರು ಗಂಟೆ". ಪುಟವನ್ನು ದೀಪಕ್ಕೆ ಹಿಡಿದರೆ ಕೆಳಗಿನ ಅಕ್ಷರ ಕಾಣುತ್ತಿತ್ತು: "ಮಧ್ಯರಾತ್ರಿಯಿಂದ". ಆ ನಿಯಮ ಸಡಿಲವಾಗಿದ್ದು 1957ರಲ್ಲಿ. ಅದೇ ಅಚ್ಚಿನ ಇನ್ನೊಂದು ಪ್ರತಿಯಲ್ಲಿ ಚೀಟಿಯ ಮೇಲೆ ಇನ್ನೊಂದು ಚೀಟಿ: "ಒಂದು ಗಂಟೆ". ಅದು 1964ರ ನವೆಂಬರಿನ ಬದಲಾವಣೆ. ಉಗುರಿನಿಂದ ಮೆಲ್ಲಗೆ ಮುಟ್ಟಿದರೆ ಆ ಜಾಗ ರಟ್ಟಿನ ಹಾಗೆ ದಪ್ಪ. ಸುಮ್ನೆ ಎರಡು ಚೀಟಿ ಅಲ್ಲ ಇದು. 1957ಕ್ಕೆ ಮುಂಚೆ ಅಚ್ಚಾದದ್ದು ಏಳು ವರ್ಷ ಕಳೆದರೂ ಖರ್ಚಾಗದೆ ಕೂತಿತ್ತು ಅಂತ ಅರ್ಥ. ಸಂಸ್ಥೆಯ ಬೆಳ್ಳಿಹಬ್ಬದ ಭಾಷಣದಲ್ಲಿ ಇದೇ ಕಿರುಹೊತ್ತಿಗೆಯನ್ನು "ಕೈಗೆ ಸಿಗದಷ್ಟು ಬೇಡಿಕೆ" ಅಂತ ಹೊಗಳಿದ್ದಾರೆ. ಇರಲಿ ಬಿಡಿ, ಭಾಷಣ ಅಲ್ವಾ.

ಚೀಟಿ ಅಂಟಿಸಿ ಸರಿಮಾಡಲಾಗದ ಪೆಟ್ಟು ಬಿದ್ದಿದ್ದು ಪೂಜೆ ಪುಸ್ತಕಕ್ಕೆ, ಅಂದರೆ ಚರ್ಚಿನ ಬಲಿಪೂಜೆಯ (ಮಾಸ್) ಪುಸ್ತಕಕ್ಕೆ. ಒಂದು ಕಡೆ ಲ್ಯಾಟಿನ್, ಎದುರು ಪುಟದಲ್ಲಿ ಜನರ ಭಾಷೆ. ಪ್ರಾರ್ಥನೆ ಕಪ್ಪು ಶಾಯಿಯಲ್ಲಿ, ಗುರುಗಳು ಏನು ಮಾಡಬೇಕು ಅನ್ನುವ ಸೂಚನೆ ಕೆಂಪಿನಲ್ಲಿ. ಎರಡು ಬಣ್ಣ ಅಂದರೆ ಪ್ರತಿ ಹಾಳೆಯೂ ಯಂತ್ರಕ್ಕೆ ಎರಡು ಸಲ ಹೋಗಬೇಕು. ಕೆಂಪು ಕೂದಲೆಳೆಯಷ್ಟು ಸರಿದರೂ ಹಾಳೆ ವ್ಯರ್ಥ. ಸಂಸ್ಥೆ ಇದ್ದ ದುಡ್ಡನ್ನೆಲ್ಲ ಇದರ ಮೇಲೆ ಹಾಕಿತ್ತು. ಲೋಕದ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಪೂಜೆಯಲ್ಲಿ ಜನರ ಭಾಷೆಗೆ ದಾರಿ ತೆರೆಯಿತು. 1965ರಲ್ಲಿ ಪೂಜೆಯ ಕ್ರಮ ಸ್ವಲ್ಪ ಬದಲಾಯಿತು, ಆಗ ಒಂದು ಬಿಡಿ ಹಾಳೆ ಸೇರಿಸಿ ಸುಧಾರಿಸಿದರು. 1969ರ ನವೆಂಬರ್ 30ರಿಂದ ಹೊಸ ಪೂಜಾಕ್ರಮವೇ ಬಂತು. ಹಬ್ಬಗಳ ಪಂಚಾಂಗವೂ ಬದಲಾಯಿತು. ಸಂತ ತೋಮಾಸರ ಹಬ್ಬವೇ ಡಿಸೆಂಬರ್ 21ರಿಂದ ಜುಲೈ 3ಕ್ಕೆ ಹೋಯಿತು. ಇನ್ನು ಎಷ್ಟು ಚೀಟಿ ಅಂಟಿಸುತ್ತಾರೆ?

ಲೆಕ್ಕದ ಪುಸ್ತಕದಲ್ಲಿ ಆ ಪೂಜೆ ಪುಸ್ತಕದ ಮುಂದೆ ಒಂದೇ ಒಂದು ಪದ ಇದೆ: "ರದ್ದಿ". ಆದರೆ ಎಲ್ಲವೂ ರದ್ದಿಗೆ ಹೋಗಿರಲಿಲ್ಲ. ಗೋದಾಮಿನಲ್ಲಿ ಮಕ್ಕಳ ಕಥೆಯ ಒಂದು ಪುಸ್ತಕ ಎತ್ತಿಕೊಂಡಾಗ ಅದರ ಬೆನ್ನು ಕಿತ್ತು ಕೈಗೆ ಬಂತು. ಒಳಗೆ, ಹೊಲಿಗೆಯ ಮೇಲೆ, ಉದ್ದುದ್ದ ಕತ್ತರಿಸಿ ಅಂಟಿಸಿದ ಕಾಗದ. ಅದರ ಮೇಲೆ ಲ್ಯಾಟಿನ್ ಅಕ್ಷರ, ಮಧ್ಯೆ ಕೆಂಪು ಶಿಲುಬೆ ಗುರುತು. ಬೈಂಡ್ ಆಗದೆ ಉಳಿದ ಪೂಜೆ ಪುಸ್ತಕದ ಹಾಳೆಗಳನ್ನು ಬೈಂಡರು ಬೇರೆ ಪುಸ್ತಕಗಳ ಬೆನ್ನು ಗಟ್ಟಿ ಮಾಡಲು ಬಳಸಿದ್ದರು. ಆಮೇಲೆ ಬೆನ್ನು ಹರಿದ ಪುಸ್ತಕ ಸಿಕ್ಕರೆ ಸಾಕು, ಇಣುಕುವುದೇ ಅಭ್ಯಾಸವಾಯಿತು. ಇಸವಿ ಇಲ್ಲದ ಎಷ್ಟೋ ಪುಸ್ತಕ 1969ರ ನಂತರದ್ದು ಅಂತ ಗೊತ್ತಾಗಿದ್ದು ಹೀಗೆ.

1975ರಲ್ಲಿ ಮುಂಗಡ ಅನುಮತಿಯ ನಿಯಮವನ್ನೇ ರೋಮ್ ಸಡಿಲಗೊಳಿಸಿತು. ಅಲ್ಲಿಂದಾಚೆ ಇಂಪ್ರಿಮಾತುರ್ ಕಡಿಮೆಯಾಗುತ್ತಾ ಬಂದು ನನ್ನ ಪಟ್ಟಿಯಲ್ಲಿ ಖಾಲಿ ಜಾಗಗಳು ಶುರುವಾದವು. ಇತ್ತೀಚಿನ ಪುಸ್ತಕಗಳಿಗೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಸ್ವಲ್ಪ ಕೈಹಿಡಿಯಿತು. ಹತ್ತು ಅಂಕೆ ಮಾತ್ರ ಇದ್ದರೆ ಬಹುಮಟ್ಟಿಗೆ 2007ಕ್ಕೆ ಮುಂಚಿನದು.

ಹಸ್ತಪ್ರತಿ ಓದಿದ ಸಮಿತಿಯವರಿಗೆ ರದ್ದಿ ಅಧ್ಯಾಯ ಹಿಡಿಸಲಿಲ್ಲ. ದೈವಶಾಸ್ತ್ರದ ದೊಡ್ಡ ಪುಸ್ತಕಗಳ ಬಗ್ಗೆ ಜಾಸ್ತಿ ಬರೆಯಿರಿ ಅಂದರು. ಆ ಪುಸ್ತಕಗಳ ನಷ್ಟ ತುಂಬಿದ್ದು ವರ್ಷ ವರ್ಷದ ಗೋಡೆ ಕ್ಯಾಲೆಂಡರು ಅಂತ ಲೆಕ್ಕ ತೋರಿಸಿದೆ. ಎರಡು ಸಭೆ ಆಯಿತು. ಕೊನೆಗೆ ಅಧ್ಯಾಯ ಉಳಿಯಿತು, ಅದರ ಹೆಸರು ಮಾತ್ರ "ಪರಿವರ್ತನೆಯ ಕಾಲ" ಆಯಿತು. ಇದಕ್ಕೂ ಬಿಷಪರ ಅನುಮತಿ ಬೇಕಾ ಅಂತ ಒಬ್ಬರು ಕೇಳಿದರು. 1983ರ ಚರ್ಚ್ ಕಾನೂನಿನಲ್ಲಿ ಬೈಬಲ್, ಪೂಜೆ ಪುಸ್ತಕ, ಪ್ರಾರ್ಥನೆ ಪುಸ್ತಕ, ಧರ್ಮೋಪದೇಶದಂಥವಕ್ಕೆ ಬೇಕು, ನಮ್ಮ ಕಥೆಗೆ ಬೇಡ ಅಂದೆ.

ಕೊನೇ ಕರಡು ಬಂತು. ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿದೆ. ಸಂಸ್ಥೆಯ ಹೆಸರಿದೆ, ಪುಟಗಳ ಸಂಖ್ಯೆ ಇದೆ, ಇಸವಿ ಇಲ್ಲ. ಫೋನ್ ಮಾಡಿ ಕೇಳಿದರೆ, "ಸ್ಟಾಕ್ ಹಳೇದು ಅನ್ನಿಸಬಾರದಲ್ವಾ" ಅಂದರು. ಕೆಂಪು ಪೆನ್ನಿನಲ್ಲಿ ನಾನೇ ಬರೆದು ವಾಪಸ್ ಕಳಿಸಿದೆ.